ಬೋಂಡನ ಎಡಗಣ್ಣು ಮಬ್ಬಾಗಿದೆ, ಮಾವನವರ ಕಣ್ಣಿನ ಡ್ರಾಪ್ಸ್ ಹಾಕಬಹುದಾ?

ಓವರ್‌ಲಾಕ್ ಅಕ್ಕ, ಗುರುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕಾಯಿತು.

ನಾನು ತುಮಕೂರು ಕಡೆಯವಳು. ಮನೆಯ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳ ಹಟಕ್ಕೆ ಎರಡು ವರ್ಷದ ಹಿಂದೆ ಎರಡು ಗಿನಿಪಿಗ್ ತಂದೆವು. ಎರಡೂ ಗಂಡು. ಕಂದು ಬಣ್ಣದವನು ಬೋಂಡ, ಬಿಳಿ ಮೈಗೆ ಹಳದಿ ಮಚ್ಚೆ ಇರುವವನು ಬಜ್ಜಿ. ಮನೆಯಲ್ಲಿ ಇಲಿ ಓಡಿಸುವುದೇ ಸಾಕಾಗಿದೆ, ಇನ್ನು ಇವು ಬೇರೆ ಬೇಕಾ ಎಂದು ಕೂಗಾಡಿದವಳು ನಾನೇ. ಈಗ ರಾತ್ರಿ ಹತ್ತೂವರೆಗೆ ಟಾರ್ಚ್ ಹಿಡಿದು ಕೂತಿರುವವಳೂ ನಾನೇ.

ಬೋಂಡನ ಎಡಗಣ್ಣು ಸರಿ ಇಲ್ಲ. ಮಂಗಳವಾರ ಸಂಜೆ ಸ್ವಲ್ಪ ನೀರು ಸುರಿಯುತ್ತಿತ್ತು. ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ, ಮದುವೆ ಮನೆಯವರ ಆರ್ಡರ್ ಇತ್ತು. ಬುಧವಾರ ಬೆಳಿಗ್ಗೆ ಕಣ್ಣು ಅರ್ಧ ಮುಚ್ಚಿಕೊಂಡಿತ್ತು. ಕೆಳಗಿನ ಕೂದಲು ಒದ್ದೆಯಾಗಿ ಮೈಗೆ ಅಂಟಿತ್ತು. ಇವತ್ತು ನೋಡಿದರೆ ಕಪ್ಪು ಗುಡ್ಡೆಯ ಮೇಲೆ, ಮೂಗಿನ ಕಡೆಗೆ, ಒಂದು ನೀಲಿ ಬಿಳಿ ಮಬ್ಬು. ಗಂಜಿ ತಿಳಿ ಒಂದು ಹನಿ ಬಿದ್ದು ಒಣಗಿದ ಹಾಗೆ. ಹತ್ತಿಯಲ್ಲಿ ಒರೆಸಿದೆ, ಹೋಗಲಿಲ್ಲ.

ಮಿಷನ್ನಿನ ಲೈಟ್ ಕೆಳಗೆ ಹಿಡಿದು ನೋಡಿದಾಗ ಕೆಳರೆಪ್ಪೆಯ ಅಂಚಿನಲ್ಲಿ ಏನೋ ಕಂದು ಎಳೆ ಕಂಡ ಹಾಗಾಯಿತು. ಕೂದಲೋ, ಹುಲ್ಲೋ, ನನ್ನ ಭ್ರಮೆಯೋ ಗೊತ್ತಿಲ್ಲ. ಅವನು ತಲೆ ಒದರಿದ, ಮತ್ತೆ ಕಾಣಲಿಲ್ಲ.

ತಿನ್ನುವುದೂ ಕಡಿಮೆ. ಫ್ರಿಜ್ ಬಾಗಿಲಿನ ಸದ್ದಾದರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ವೀಕ್ ವೀಕ್ ಎನ್ನುತ್ತಿದ್ದವನು ಇವತ್ತು ಕ್ಯಾಪ್ಸಿಕಂ ಮೂಸಿ ಮೂಲೆಗೆ ಹೋಗಿ ಕೂತ. ಅಡುಗೆಮನೆಯ ತಕ್ಕಡಿ ಮೇಲೆ ಬೋಗುಣಿ ಇಟ್ಟು ಪ್ರತಿ ಭಾನುವಾರ ತೂಕ ಹಾಕುತ್ತೇವೆ. ಭಾನುವಾರ 940 ಗ್ರಾಂ ಇದ್ದ. ಈಗ 905.

ನಾಲ್ಕು ತಿಂಗಳ ಹಿಂದೆ ನಮ್ಮ ಮಾವನವರಿಗೆ ಪೊರೆ ಆಪರೇಷನ್ ಆಯಿತು. ಆಗ ಕೊಟ್ಟ ಡ್ರಾಪ್ಸ್ ಅರ್ಧ ಬಾಟಲಿ ಫ್ರಿಜ್‌ನಲ್ಲಿ ಇನ್ನೂ ಇದೆ. "ನನಗೆ ಎರಡೇ ದಿನಕ್ಕೆ ಉರಿ ನಿಂತಿತು, ಅದಕ್ಕೂ ಒಂದು ಹನಿ ಬಿಡಮ್ಮ" ಎನ್ನುತ್ತಿದ್ದಾರೆ. ನಮ್ಮಮ್ಮ ಫೋನಿನಲ್ಲಿ ನಂದಿಬಟ್ಟಲು ಹೂವಿನ ರಸ ಹಿಂಡು ಎಂದಳು. ನನಗೋ, ಓವರ್‌ಲಾಕ್ ಮಿಷನ್ನಿಗೆ ದಾರ ಪೋಣಿಸುವ ಚಿಮಟ ಇದೆಯಲ್ಲ, ಅದರಲ್ಲಿ ಆ ಎಳೆಯನ್ನು ಎಳೆದುಬಿಡೋಣ ಅನ್ನಿಸುತ್ತಿದೆ. ದಿನಾ ಅದಕ್ಕಿಂತ ಸಣ್ಣ ದಾರ ಹಿಡಿಯುವ ಕೈ ಇದು.

ಈ ಮೂರರಲ್ಲಿ ಯಾವುದು ಮಾಡಬಹುದು? ಬೆಳಿಗ್ಗೆವರೆಗೆ ಕಾಯಬಹುದಾ? ಹತ್ತಿರದ ಒಬ್ಬ ಡಾಕ್ಟರಿಗೆ ಫೋನ್ ಮಾಡಿದೆ. "ಹಸು, ನಾಯಿ ಆದರೆ ಬನ್ನಿ, ಇದನ್ನು ನಾನು ನೋಡಿಲ್ಲ" ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರಲ್ಲ, ಪುಣ್ಯಾತ್ಮ.

ಮೊಲದ ಮನೆ, ಗುರುವಾರ ರಾತ್ರಿ 10:52

ಗಾಬರಿ ಬೇಡ ಅಕ್ಕ. ಗಿನಿಪಿಗ್ ಕಣ್ಣಿನಿಂದ ಹಾಲಿನಂಥ ನೀರು ಬರುವುದು ಮಾಮೂಲು. ನಮ್ಮ ಮನೆಯದಕ್ಕೂ ಬರುತ್ತದೆ. ಎರಡು ದಿನ ಬಿಟ್ಟು ನೋಡಿ, ತಾನೇ ಸರಿ ಹೋಗುತ್ತದೆ.

ಗರಿಕೆ ಗಿರಾಕಿ, ಗುರುವಾರ ರಾತ್ರಿ 11:15

ಅಕ್ಕ, ಮೂರಕ್ಕೂ ಉತ್ತರ ಒಂದೇ. ಬೇಡ. ಚಿಮಟವನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟು ಬನ್ನಿ, ಆಮೇಲೆ ಮುಂದೆ ಓದಿ.

ಮೇಲಿನವರು ಹೇಳಿದ ಬಿಳಿ ನೀರು ಸುಳ್ಳಲ್ಲ. ಗಿನಿಪಿಗ್‌ಗೆ ಎರಡೂ ಕಣ್ಣಲ್ಲಿ ಹಾಲಿನಂತೆ ಬರುತ್ತದೆ, ಮುಂಗಾಲಿನಲ್ಲಿ ಉಜ್ಜಿಕೊಂಡು ಮುಖ ತೊಳೆಯುತ್ತದೆ, ಸ್ವಲ್ಪ ಹೊತ್ತಿಗೆ ಏನೂ ಇರುವುದಿಲ್ಲ. ನಿಮ್ಮ ಬೋಂಡನಿಗೆ ಒಂದೇ ಕಣ್ಣು. ಮೂರು ದಿನವಾಗಿದೆ, ಮಬ್ಬು ಬಂದಿದೆ, ತೂಕ 35 ಗ್ರಾಂ ಇಳಿದಿದೆ. ಹುಲ್ಲು ಚುಚ್ಚಿರಬೇಕು. ಇವುಗಳನ್ನು ಸಾಕುವವರಿಗೆ ಇದು ಹೊಸದೇನಲ್ಲ. ಹುಲ್ಲಿನ ರಾಶಿಯೊಳಗೆ ತಲೆ ತೂರಿಸಿಕೊಂಡು ತಿನ್ನುವ ಪ್ರಾಣಿ, ಕಣ್ಣೋ ಗುಂಡಿ ಹೊಲಿದ ಹಾಗೆ ಹೊರಗೇ ಕೂತಿರುತ್ತದೆ.

ಮಾವನವರ ಬಾಟಲಿ ಯಾಕೆ ಬೇಡ ಅಂದರೆ, ಪೊರೆ ಆಪರೇಷನ್ ಆದವರಿಗೆ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟಿರಾಯ್ಡ್ ಇರುತ್ತದೆ. ಬಾವು ಇಳಿಸುವುದಕ್ಕೆ ಅದು ಒಳ್ಳೆಯದೇ. ಆದರೆ ಗುಡ್ಡೆಯ ಮೇಲೆ ಗಾಯ ಇದ್ದರೆ ಅದನ್ನು ಮಾಯಲು ಬಿಡುವುದಿಲ್ಲ. ಹುಣ್ಣು ಆಳಕ್ಕೆ ಇಳಿದು ಕಣ್ಣೇ ತೂತಾಗಬಹುದು. ಮಾವನವರ ಉರಿ ನಿಂತದ್ದು ನಿಜ, ಅವರ ಕಣ್ಣಲ್ಲಿ ಹುಲ್ಲು ಇರಲಿಲ್ಲ ಅಷ್ಟೇ. ಜೊತೆಗೆ ಅದು ತೆರೆದು ನಾಲ್ಕು ತಿಂಗಳಾದ ಬಾಟಲಿ. ಕಣ್ಣಿನ ಡ್ರಾಪ್ಸ್ ತೆರೆದ ಮೇಲೆ ಒಂದು ತಿಂಗಳಿಗೆ ಎಸೆಯುವುದು ವಾಡಿಕೆ.

ಈಗ ರಾತ್ರಿ ಮಾಡುವ ಕೆಲಸ. ಹತ್ತಿರ ಮೆಡಿಕಲ್ ತೆರೆದಿದ್ದರೆ ನಾರ್ಮಲ್ ಸಲೈನ್ ತನ್ನಿ, ಉಪ್ಪುನೀರು ಮನೆಯಲ್ಲಿ ಮಾಡಬೇಡಿ. ಸೂಜಿ ಇಲ್ಲದ ಸಿರಿಂಜಿನಲ್ಲಿ ತೆಗೆದುಕೊಂಡು ಕಣ್ಣಿನ ಮೇಲೆ ನಿಧಾನವಾಗಿ ಹರಿಯಬಿಡಿ. ಎಳೆ ತಾನಾಗಿ ತೇಲಿ ಬಂದರೆ ಬರಲಿ. ಬರದಿದ್ದರೆ ಅಲ್ಲಿಗೆ ನಿಲ್ಲಿಸಿ. ಕೆದಕಬೇಡಿ, ಹತ್ತಿಯಿಂದ ಉಜ್ಜಬೇಡಿ, ಹತ್ತಿಯ ನೂಲು ಬೇರೆ ಒಳಗೆ ಸೇರುತ್ತದೆ.

ಕಣ್ಣಿಗಿಂತ ನನಗೆ ಭಯ ಹೊಟ್ಟೆಯದು. ಗಿನಿಪಿಗ್ ಹೊಟ್ಟೆ ಯಾವಾಗಲೂ ನಡೆಯುತ್ತಿರಬೇಕು. ನೋವಿಗೆ ತಿನ್ನುವುದು ಬಿಟ್ಟರೆ ಕರುಳು ನಿಲ್ಲುತ್ತದೆ, ಒಂದು ದಿನ ಉಪವಾಸವೇ ಜಾಸ್ತಿ. ಪೆಲೆಟ್‌ಗಳನ್ನು ಬಿಸಿನೀರಿನಲ್ಲಿ ನೆನೆಸಿ, ಅಂಬಲಿ ಹದಕ್ಕೆ ಕಿವುಚಿ, ಆರಿದ ಮೇಲೆ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಕೊಡಿ. ಅಗಿಯುವುದಕ್ಕೆ ಬಿಟ್ಟು ಮುಂದಿನದು ಕೊಡಿ, ನೇರ ಗಂಟಲಿಗೆ ತಳ್ಳಬೇಡಿ. ಹಿಕ್ಕೆ ಎಷ್ಟು ಬಿದ್ದಿದೆ ಎಂದೂ ನೋಡಿಕೊಳ್ಳಿ. ಗೂಡಿನಲ್ಲಿರುವ ಹುಲ್ಲೆಲ್ಲ ತೆಗೆದು ಹಳೇ ಕಾಟನ್ ಬಟ್ಟೆ ಹಾಸಿ. ನಿಮ್ಮ ಮನೆಯಲ್ಲಿ ಬಟ್ಟೆಗೆ ಬರವೇ?

ಬೆಳಿಗ್ಗೆ ಎದ್ದ ತಕ್ಷಣ ಬೆಂಗಳೂರಿಗೆ ಹೊರಡಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮೊಲ, ಗಿಳಿ, ಆಮೆ ನೋಡುವ ಖಾಸಗಿ ಡಾಕ್ಟರುಗಳೂ ಇದ್ದಾರೆ. ಎಲ್ಲಿಗೆ ಹೋದರೂ ಫೋನ್ ಮಾಡಿ "ಗಿನಿಪಿಗ್ ನೋಡುತ್ತೀರಾ" ಎಂದು ಕೇಳಿಕೊಂಡೇ ಹೋಗಿ. ಬಜ್ಜಿಯನ್ನೂ ಜೊತೆಗೆ ಹಾಕಿಕೊಳ್ಳಿ. ಒಂಟಿಯಾದರೆ ಹೆದರಿ ಇನ್ನೂ ತಿನ್ನುವುದಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಇವನ್ನು ಒಂಟಿಯಾಗಿ ಸಾಕುವ ಹಾಗೇ ಇಲ್ಲ, 2008ರಿಂದ ಕಾನೂನೇ ಇದೆ.

ನನ್ನ ಮೊದಲ ಗಿನಿಪಿಗ್‌ಗೆ ಹೀಗಾದಾಗ ನಾನು ನಾಲ್ಕು ದಿನ ಕಾದೆ. ಕಣ್ಣು ಒಡೆಯಿತು, ತೆಗೆಸಬೇಕಾಯಿತು. ಒಂದೇ ಕಣ್ಣಲ್ಲಿ ಇನ್ನೂ ಮೂರು ವರ್ಷ ಬದುಕಿತ್ತು. ಕೊತ್ತಂಬರಿ ಕಟ್ಟು ಮನೆಯ ಯಾವ ಮೂಲೆಯಲ್ಲಿದ್ದರೂ ಮೂಗಿನಲ್ಲೇ ಹುಡುಕುತ್ತಿತ್ತು. ಆದರೂ ಆ ನಾಲ್ಕು ದಿನ ನೆನಪಾದರೆ ಇವತ್ತಿಗೂ ಒಂಥರಾ ಆಗುತ್ತದೆ.

ದನದ ಡಾಕ್ಟರು, ಶುಕ್ರವಾರ ಬೆಳಿಗ್ಗೆ 5:50

ನಾನು ಮಲೆನಾಡಿನಲ್ಲಿ ಹಸು ಎಮ್ಮೆ ನೋಡುವವನು. ಗಿನಿಪಿಗ್ ಅನುಭವ ಕಡಿಮೆ. ಆದರೆ ಹುಲ್ಲಿನ ಮುಳ್ಳು ಸಿಕ್ಕಿದ ಕಣ್ಣು ಬೇಕಾದಷ್ಟು ನೋಡಿದ್ದೇನೆ, ಹೋರಿಯ ಕಣ್ಣಾದರೂ ಅಷ್ಟೇ, ಇದಾದರೂ ಅಷ್ಟೇ. ಮುಳ್ಳು ರೆಪ್ಪೆಯ ಒಳಮಡಿಕೆಯಲ್ಲಿ ಅಡಗಿರುತ್ತದೆ. ಪ್ರಾಣಿ ಕಣ್ಣು ಮಿಟುಕಿಸಿದಾಗಲೆಲ್ಲ ಗುಡ್ಡೆಯನ್ನು ಗೀರುತ್ತದೆ. ಅದು ಇರುವವರೆಗೆ ಯಾವ ಔಷಧಿ ಹಾಕಿದರೂ ದಂಡ. ಹಾಗಂತ ನೀವು ತೆಗೆಯಲು ಹೋಗಬೇಡಿ. ಮರಗಟ್ಟಿಸುವ ಹನಿ ಹಾಕದೆ ಚಿಮಟ ಒಯ್ದರೆ ಅದು ತಲೆ ಒದರುತ್ತದೆ, ನಿಮ್ಮ ಕೈ ಎಷ್ಟು ಪಳಗಿದ್ದರೂ.

ಅಲ್ಲಿ ಡಾಕ್ಟರ್ ಫ್ಲೂರೊಸೀನ್ ಎಂಬ ಬಣ್ಣ ಹಾಕಿ ನೋಡುತ್ತಾರೆ. ಹಾಕದಿದ್ದರೆ ಕೇಳಿ. ಮೇಲಿನ ಪದರ ಸುಲಿದ ಜಾಗದಲ್ಲಿ ಮಾತ್ರ ಆ ಬಣ್ಣ ಹಿಡಿಯುತ್ತದೆ. ಅದನ್ನು ನೋಡಿಯೇ ಯಾವ ಡ್ರಾಪ್ಸ್ ಎಂದು ನಿರ್ಧಾರ. ಹಲ್ಲನ್ನೂ ನೋಡಲು ಹೇಳಿ. ಇವುಗಳ ಹಲ್ಲು ಸಾಯುವವರೆಗೆ ಬೆಳೆಯುತ್ತದೆ. ಮೇಲ್ದವಡೆಯ ಬೇರು ಉದ್ದವಾಗಿ ಕಣ್ಣಿನ ಹಿಂದಕ್ಕೆ ಒತ್ತಿದರೂ ಕಣ್ಣೀರು ಸುರಿಯುತ್ತದೆ, ಗುಡ್ಡೆ ಮುಂದಕ್ಕೆ ಬರುತ್ತದೆ.

ಇನ್ನೊಂದು ಮಾತು, ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಗಿನಿಪಿಗ್ ಬಾಯಿಗೆ ಹಾಕಲೇಬಾರದು. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟದ್ದು ಬೆಳೆದು, ಕೆಲವೇ ದಿನದಲ್ಲಿ ಪ್ರಾಣಿ ಹೋಗುತ್ತದೆ. ಮಕ್ಕಳಿಗೆ ತಂದ ಸಿರಪ್ ಮನೆಯಲ್ಲಿ ಮಿಕ್ಕಿರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಅಂದ ಹಾಗೆ, ಯಾವ ಹುಲ್ಲು ಹಾಕುತ್ತಿದ್ದೀರಿ?

ಓವರ್‌ಲಾಕ್ ಅಕ್ಕ, ಶುಕ್ರವಾರ ಬೆಳಿಗ್ಗೆ 6:20

ಸರ್, ಆ ಪ್ರಶ್ನೆ ಓದಿ ಕೈಕಾಲು ತಣ್ಣಗಾಯಿತು.

ಟಿಮೊಥಿ ಹುಲ್ಲು ಪ್ಯಾಕೆಟ್ಟು ತರಿಸುತ್ತಿದ್ದೆವು. ಅದರ ಬೆಲೆಗೆ ನನ್ನ ಮೂರು ಬ್ಲೌಸ್ ಕೂಲಿ ಹೋಗುತ್ತದೆ. ಸಂಕ್ರಾಂತಿ ಮುಗಿದ ಭಾನುವಾರ ಕೆರೆ ಏರಿ ಹತ್ತಿರ ಒಣಹುಲ್ಲು ಚೆನ್ನಾಗಿ ಕಂಡಿತು, ಒಂದು ಚೀಲ ಕೊಯ್ದು ತಂದೆ. ಬೋಂಡ ಅದರೊಳಗೆ ಸುರಂಗ ಮಾಡಿಕೊಂಡು ಕುಣಿದಾಡಿದ. ಮಗಳು ವಿಡಿಯೋ ಮಾಡಿಟ್ಟುಕೊಂಡಿದ್ದಾಳೆ.

ಆ ಸಂಜೆ ನಾನು ಏನು ಮಾಡಿದೆ ಗೊತ್ತಾ? ಸೀರೆ ಅಂಚಿಗೆ ಚುಚ್ಚಿಕೊಂಡಿದ್ದ ಹುಲ್ಲಿನ ಮುಳ್ಳುಗಳನ್ನು ಅರ್ಧ ಗಂಟೆ ಕೂತು ಒಂದೊಂದೇ ಕಿತ್ತೆ. ನನ್ನ ಸೀರೆಗೆ ಚುಚ್ಚುವುದು ಅವನ ಕಣ್ಣಿಗೆ ಚುಚ್ಚುವುದಿಲ್ಲವಾ? ಆಗ ಹೊಳೆಯಲೇ ಇಲ್ಲ.

ರಾತ್ರಿ ಸಲೈನ್ ಸಿಕ್ಕಿತು. ಎಳೆ ಬರಲಿಲ್ಲ. ಅಂಬಲಿ ಸುಮಾರು ಎಂಟು ಎಂಎಲ್ ಕುಡಿದ, ಮಿಕ್ಕಿದ್ದು ನನ್ನ ನೈಟಿಗೆ. ತಮ್ಮ ಕಾರು ತಂದಿದ್ದಾನೆ, ಹೊರಡುತ್ತಿದ್ದೇವೆ. ಚಳಿ ಇದೆ, ಡಬ್ಬಿಗೆ ಫ್ಲಾನಲ್ ಸುತ್ತಿದ್ದೇನೆ.

ಓವರ್‌ಲಾಕ್ ಅಕ್ಕ, ಶುಕ್ರವಾರ ರಾತ್ರಿ 9:30

ಬಂದೆವು. ಕಣ್ಣು ಉಳಿದಿದೆ. ಮಧ್ಯಾಹ್ನದಿಂದ ಎಷ್ಟು ಜನ ಕೇಳಿದ್ದೀರಿ, ಎಲ್ಲರಿಗೂ ಒಟ್ಟಿಗೆ ಬರೆಯುತ್ತೇನೆ.

ನೋಡಿದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮೊದಲು ತೂಕ ಹಾಕಿದರು, 898. ಬೋಂಡನನ್ನು ಟವೆಲ್‌ನಲ್ಲಿ ಸುತ್ತಿ ನನ್ನ ಎದೆಗೆ ಒತ್ತಿ ಹಿಡಿಯಲು ಹೇಳಿದರು. ಮರಗಟ್ಟಿಸುವ ಹನಿ ಬಿಟ್ಟು ಸ್ವಲ್ಪ ಕಾದರು. ಆಮೇಲೆ ಒಂದು ಕಾಗದದ ಪಟ್ಟಿ ತೆಗೆದರು, ತುದಿ ಕೇಸರಿ ಬಣ್ಣ. ಒಂದು ಹನಿ ಸಲೈನ್‌ನಲ್ಲಿ ಅದ್ದಿ ಕಣ್ಣಿಗೆ ತಾಗಿಸಿ, ತೊಳೆದು, ರೂಮಿನ ಲೈಟ್ ಆರಿಸಿ ನೀಲಿ ಟಾರ್ಚ್ ಬಿಟ್ಟರು. ನಾನು ನೋಡಿದೆ. ಮೂಗಿನ ಕಡೆ, ಅದೇ ಮಬ್ಬು ಇದ್ದಲ್ಲಿ, ಒಂದು ಗೀರು ಹಸಿರಾಗಿ ಹೊಳೆಯಿತು. ಪಾರಿವಾಳದ ಕತ್ತಿನ ಹಸಿರು. ಸುತ್ತಲೂ ಕತ್ತಲೆ, ಅದೊಂದೇ ಬೆಳಕು. ಇಷ್ಟು ಚೆಂದದ ಬಣ್ಣ ಇಷ್ಟು ಕೆಟ್ಟ ಜಾಗದಲ್ಲಿ ಇರಬಾರದಿತ್ತು.

ಕೆಳರೆಪ್ಪೆಯನ್ನು ಹೊರಕ್ಕೆ ಮಡಚಿದರು. ಒಳಗೆ ಕೂತಿತ್ತು. ಅಕ್ಕಿ ನುಚ್ಚಿನಷ್ಟು ಬೀಜ, ಅದಕ್ಕೊಂದು ಕಂದು ಬಾಲ. ಸಣ್ಣ ಚಿಮಟದಲ್ಲಿ ತೆಗೆದರು. ಹೌದು, ನನ್ನದಕ್ಕಿಂತ ಸಣ್ಣ ಚಿಮಟ. ಬೀಜಕ್ಕೆ ಹಿಂದಕ್ಕೆ ತಿರುಗಿದ ಗರಗಸದಂಥ ರೋಮ ಇತ್ತು. "ಇದು ಮುಂದಕ್ಕೆ ಮಾತ್ರ ಹೋಗುತ್ತದೆ, ಮನೆಯಲ್ಲಿ ಎಳೆದಿದ್ದರೆ ತುಂಡಾಗಿ ಅರ್ಧ ಒಳಗೇ ಉಳಿಯುತ್ತಿತ್ತು" ಎಂದರು. ನಾನು ನೆಲ ನೋಡಿದೆ.

ಹುಣ್ಣು ಮೇಲ್ಮೇಲೆ ಇದೆಯಂತೆ. ಆಂಟಿಬಯಾಟಿಕ್ ಡ್ರಾಪ್ಸ್ ಹಗಲಲ್ಲಿ ನಾಲ್ಕು ಗಂಟೆಗೊಮ್ಮೆ. ನೋವಿಗೆ ಬಾಯಿಗೆ ಒಂದು ಔಷಧಿ, ದಿನಕ್ಕೊಮ್ಮೆ, ತೂಕ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಹಲ್ಲು ಸರಿ ಇದೆ. ಅಮಾಕ್ಸಿಸಿಲಿನ್ ಚೀಟಿ ತೋರಿಸಿದೆ, ನಕ್ಕು "ಇದನ್ನು ಯಾರು ಹೇಳಿಕೊಟ್ಟರು" ಎಂದರು. ಮಲೆನಾಡಿನ ಡಾಕ್ಟರು ಎಂದೆ.

ವಾಪಸ್ ಬರುವಾಗ ದಾಬಸ್‌ಪೇಟೆ ಹತ್ತಿರ ಡಬ್ಬಿಯೊಳಗೆ ಕರಕರ ಸದ್ದು. ಬೋಂಡ ಸೌತೆಕಾಯಿ ತಿನ್ನುತ್ತಿದ್ದ. ತಮ್ಮನಿಗೆ ಗಾಡಿ ನಿಲ್ಲಿಸಲು ಹೇಳಿ ಸುಮ್ನೆ ಐದು ನಿಮಿಷ ನೋಡಿದೆ.

ಮೊಲದ ಮನೆ, ಶನಿವಾರ ಬೆಳಿಗ್ಗೆ 8:05

ಅಕ್ಕ, ಎರಡು ದಿನ ಬಿಡಿ ಎಂದವನು ನಾನೇ. ತಪ್ಪಾಯಿತು. ನೀವು ನನ್ನ ಮಾತು ಕೇಳದೇ ಇದ್ದದ್ದು ಒಳ್ಳೆಯದಾಯಿತು. ಇವತ್ತು ನಮ್ಮದರ ಕಣ್ಣನ್ನೂ ಟಾರ್ಚ್ ಹಾಕಿ ನೋಡಿದೆ, ಎರಡೂ ಸ್ವಚ್ಛ. ಒಂದು ಸಂಶಯ, ಡ್ರಾಪ್ಸ್ ಹಾಕುವುದು ಹೇಗೆ? ನಮ್ಮದು ಕೈಗೇ ಸಿಗುವುದಿಲ್ಲ.

ಗರಿಕೆ ಗಿರಾಕಿ, ಶನಿವಾರ ಬೆಳಿಗ್ಗೆ 9:10

ಅಕ್ಕನೇ ಹೇಳಲಿ, ನಾಲ್ಕು ದಿನದಲ್ಲಿ ನಮ್ಮೆಲ್ಲರಿಗಿಂತ ಪಳಗುತ್ತಾರೆ. ನಾನು ತಿನ್ನುವುದರ ಬಗ್ಗೆ ಒಂದು ಸೇರಿಸುತ್ತೇನೆ. ಗಾಯ ಮಾಯಬೇಕಾದರೆ ವಿಟಮಿನ್ ಸಿ ಬೇಕು. ನಮ್ಮ ಹಾಗೆ ಗಿನಿಪಿಗ್‌ಗೂ ಅದನ್ನು ಮೈಯೊಳಗೆ ಮಾಡಿಕೊಳ್ಳಲು ಬರುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಇವಕ್ಕೆ ಬರೀ ಧಾನ್ಯ ಹಾಕಿದಾಗ ಸ್ಕರ್ವಿ, ಅಂದರೆ ವಿಟಮಿನ್ ಸಿ ಸಿಗದೆ ಬರುವ ಕಾಯಿಲೆ, ಬಂತು. ಮನುಷ್ಯರ ಆ ಕಾಯಿಲೆಯ ಗುಟ್ಟು ಬಿಡಿಸಲು ದಾರಿಯಾದದ್ದು ಈ ಪುಟ್ಟ ಪ್ರಾಣಿಯಿಂದ. ಆರೋಗ್ಯವಾಗಿದ್ದಾಗ ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 10 ಮಿಲಿಗ್ರಾಂ, ಹುಷಾರಿಲ್ಲದಾಗ 30ರ ತನಕ. ಕ್ಯಾಪ್ಸಿಕಂ ಮೂಸಿ ಬಿಟ್ಟರೆ ಸಣ್ಣಗೆ ಹೆಚ್ಚಿ ಅಂಬಲಿಗೆ ಬೆರೆಸಿ. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕುವುದು ದಂಡ, ಸ್ವಲ್ಪ ಹೊತ್ತಿಗೇ ಸತ್ವ ಹೋಗುತ್ತದೆ.

ಓವರ್‌ಲಾಕ್ ಅಕ್ಕ, ಮಂಗಳವಾರ ಮಧ್ಯಾಹ್ನ 2:15

ಡ್ರಾಪ್ಸ್ ಹಾಕುವುದು. ಮೊದಲ ದಿನ ನಾನು ಎದುರಿಗೆ ಕೂತು ಬಾಟಲಿ ತಂದೆ. ಬಾಟಲಿ ಕಂಡದ್ದೇ ತಡ, ಹಿಂದಕ್ಕೆ ಹಾರಿದ. ಮೂರು ಹನಿ ಮೀಸೆಗೆ, ಒಂದು ನನ್ನ ಕಣ್ಣಿಗೆ. ಈಗ ಒಂದು ಕ್ರಮ ಆಗಿದೆ. ಟವೆಲ್ ಹಾಸಿ ಅವನನ್ನು ಮಧ್ಯ ಕೂರಿಸಿ, ಮಸಾಲೆ ದೋಸೆ ಮಡಚಿದ ಹಾಗೆ ಎರಡೂ ಬದಿ ಮಡಚುತ್ತೇನೆ. ಮುಖ ಮಾತ್ರ ಹೊರಗೆ. ಹಿಂಭಾಗ ನನ್ನ ಹೊಟ್ಟೆಗೆ ಆನಿಸುತ್ತೇನೆ, ಹಿಂದಕ್ಕೆ ಓಡಲು ಜಾಗ ಇರುವುದಿಲ್ಲ. ಬಾಟಲಿ ತಲೆಯ ಹಿಂದಿನಿಂದ, ಮೇಲಿನಿಂದ ಬರಬೇಕು. ಕೆಳರೆಪ್ಪೆಯನ್ನು ಹೆಬ್ಬೆರಳಿನಲ್ಲಿ ಇಷ್ಟೇ ಇಷ್ಟು ಇಳಿಸಿ ಒಂದು ಹನಿ. ಬಾಟಲಿ ತುದಿ ಕಣ್ಣಿಗೆ ತಾಗಬಾರದು. ಮಗಳು ಮುಂದೆ ಕೊತ್ತಂಬರಿ ಕಡ್ಡಿ ಹಿಡಿದಿರುತ್ತಾಳೆ. ಅವನಿಗೆ ಈಗ ಟವೆಲ್ ಕಂಡರೆ ಕೊತ್ತಂಬರಿ ನೆನಪಾಗುತ್ತದೆ, ತಾನೇ ಬರುತ್ತಾನೆ.

ಇವತ್ತು ಮತ್ತೆ ಬಣ್ಣ ಹಾಕಿಸಿಕೊಂಡು ಬಂದೆವು. ಹಸಿರು ಗೀರು ಸಾಸಿವೆಯಷ್ಟಾಗಿದೆ. ಡ್ರಾಪ್ಸ್ ಇನ್ನೂ ಒಂದು ವಾರ. ಕಣ್ಣು ಚೆನ್ನಾಗಿ ಕಂಡಿತು ಎಂದು ಮಧ್ಯದಲ್ಲಿ ಬಿಡಬೇಡಿ ಎಂದಿದ್ದಾರೆ.

ಓವರ್‌ಲಾಕ್ ಅಕ್ಕ, ಮುಂದಿನ ಬುಧವಾರ ರಾತ್ರಿ 8:45

ನಿನ್ನೆ ಬಣ್ಣ ಎಲ್ಲೂ ಹಿಡಿಯಲಿಲ್ಲ. ಡ್ರಾಪ್ಸ್ ನಿಂತಿತು. ಮೂಗಿನ ಕಡೆ ಒಂದು ಚುಕ್ಕೆಯಷ್ಟು ಮಬ್ಬು ಉಳಿದಿದೆ, ಗಾಯದ ಕಲೆ, ಅವನಿಗೆ ತೊಂದರೆ ಇಲ್ಲವಂತೆ. ತೂಕ 938. ಫ್ರಿಜ್ ಸದ್ದಿಗೆ ಮತ್ತೆ ಬೀದಿ ಎದ್ದು ಕೂರುತ್ತಿದೆ.

ಹುಲ್ಲು ಈಗ ಪಕ್ಕದ ಮನೆಯ ರಾಗಿ ಹುಲ್ಲಿಗೆ ಟಿಮೊಥಿ ಸ್ವಲ್ಪ ಬೆರೆಸಿ ಹಾಕುತ್ತೇನೆ. ಕಟಿಂಗ್ ಟೇಬಲ್ ಮೇಲೆ ಬಿಳಿ ಲೈನಿಂಗ್ ಬಟ್ಟೆ ಹಾಸಿ, ಹಿಡಿ ಹಿಡಿಯಾಗಿ ಕೊಡವಿ, ಬೀಜ, ಮುಳ್ಳು, ಗಟ್ಟಿ ಕಡ್ಡಿ ಆರಿಸಿದ ಮೇಲೆಯೇ ಗೂಡಿಗೆ. ಅಕ್ಕಿ ಆರಿಸಿದ ಹಾಗೆ. ಹಸಿ ಗರಿಕೆಯನ್ನು ತೊಳೆದು ಕೊಡುತ್ತೇನೆ. ಕಣ್ಣಿನಿಂದ ತೆಗೆದ ಬೀಜ ಗುಂಡಿ ಡಬ್ಬಿಯಲ್ಲಿದೆ, ಬ್ಲೌಸ್ ಕೊಡಲು ಬಂದವರಿಗೆಲ್ಲ ತೋರಿಸುತ್ತೇನೆ. ಅರ್ಧ ಜನ ಗಿನಿಪಿಗ್ ಅಂದರೆ ಏನು ಎಂದು ಕೇಳುತ್ತಾರೆ.

ಎಲ್ಲರಿಗೂ ಥ್ಯಾಂಕ್ಸ್. ಗರಿಕೆ ಗಿರಾಕಿಯವರೇ, ನೀವು ಹೇಳಿದ ದಿನವೇ ಮಾವನವರ ಡ್ರಾಪ್ಸ್ ಬಾಟಲಿ ಕಸಕ್ಕೆ ಹಾಕಿದ್ದೆ. ಇವತ್ತು ಸಂಜೆಯಿಂದ ಅವರು ಫ್ರಿಜ್ ಪೂರ್ತಿ ತಡಕಾಡುತ್ತಿದ್ದಾರೆ, ಕಣ್ಣು ಉರಿಯುತ್ತಿದೆಯಂತೆ. ನಾಳೆ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.